ಕೈ ಎತ್ತುವ ಚುನಾವಣೆ

ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕತ್ತಿನ ಒಂದು ಇಂಡಿಯನ್ ಶಾಲೆಯಲ್ಲಿ ನಾನು ಇತಿಹಾಸ ಹೇಳಿಕೊಡುತ್ತಿದ್ದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಪಾರ್ಲಿಮೆಂಟ್ ಚುನಾವಣೆಯ ಪಾಠ ಬಂದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಗುಟ್ಟಿನ ಮತದಾನ ಬರುವ ಮೊದಲು, ಓಟಿದ್ದ ಗೇಣಿದಾರ ಅಟ್ಟಣಿಗೆ ಹತ್ತಿ, ಧಣಿಯ ಕಡೆಯವರ ಎದುರೇ ತನ್ನ ಓಟು ಯಾರಿಗೆಂದು ಬಾಯಿಬಿಟ್ಟು ಹೇಳಬೇಕಿತ್ತು. ಧಣಿಗೆ ಬೇಡದ ಹೆಸರು ಹೇಳಿದನೋ, ಹೊಲವೂ ಹೋಯಿತು, ಮನೆಯೂ ಹೋಯಿತು.

"ವೈ ಡಿಡಂಟ್ ಹಿ ಲೈ, ಮಿಸ್?" ಎಂದು ಕೇಳಿದಳು ಒಬ್ಬ ಹುಡುಗಿ. ಎಲ್ಲರೆದುರು ಕೂಗಿ ಹೇಳುವಾಗ ಸುಳ್ಳು ಹೇಳುವುದಾದರೂ ಹೇಗೆ? ಹೇಳಿದ್ದೇ ಓಟು.

ನಮ್ಮವರು ವಾದಿ ಅದಾಯ್‌ನ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್. ಅಲ್ಲಿನ ಮೆಸ್ಸಿನ ಅನ್ನದಲ್ಲಿ ಹುಳ. ಮೆಸ್ಸು ನೋಡಿಕೊಳ್ಳುತ್ತಿದ್ದವನು ಮ್ಯಾನೇಜರನ ಭಾವ. ಅವನ ಬದಲು ನಮ್ಮ ಉಡುಪಿ ಕಡೆಯ ಒಬ್ಬ ಪೇಂಟರ್ ಬರಲಿ ಎಂದು ಹುಡುಗರೆಲ್ಲ ಒಂದಾದರು. ಮ್ಯಾನೇಜರ್ ನಗುತ್ತಲೇ ಒಪ್ಪಿದ. "ಚುನಾವಣೆಯೇ ಆಗಲಿ, ಅಂಗಳದಲ್ಲಿ ಕೈ ಎತ್ತಿ" ಎಂದ. ಸುದ್ದಿ ಕೇಳಿದ್ದೇ ನಾನು ನಮ್ಮವರನ್ನು ತಡೆದು ನಿಲ್ಲಿಸಿದೆ.

"ಚೀಟಿ ಬರೆದು ಹಾಕ್ಲಿ ಅಂತ ಹೇಳಿ. ಇಲ್ದಿದ್ರೆ ನೀವು ಸುಮ್ನೆ ಕೂತ್ಕೊಳ್ಳಿ."

"ಎಂತ ಮಾರಾಯ್ತಿ, ಇದು ನಿನ್ನ ಇಂಗ್ಲೆಂಡಾ?" ಎಂದು ನಕ್ಕು ಹೋದರು.

ಅಂಗಳದಲ್ಲಿ ಕಫೀಲ್, ಅಂದರೆ ಎಲ್ಲರ ವೀಸಾ ಕೈಯಲ್ಲಿಟ್ಟುಕೊಂಡ ಅರಬ್ ಧಣಿ, ಕುರ್ಚಿ ಹಾಕಿಸಿಕೊಂಡು ಕೂತಿದ್ದನಂತೆ. ಪೇಂಟರನ ಹೆಸರು ಕೂಗಿದಾಗ ಮೇಲೆ ಹೋದದ್ದು ಒಂದೇ ಕೈ, ನಮ್ಮವರದು. ನಮ್ಮಲ್ಲಿ ಕೈ ಎತ್ತುವುದೆಂದರೆ ಓಟು ಹಾಕುವುದೂ ಹೌದು, ನಡುನೀರಿನಲ್ಲಿ ಬಿಟ್ಟು ಹೋಗುವುದೂ ಹೌದು. ಮಿಕ್ಕವರೆಲ್ಲ ಎರಡನೆಯ ಅರ್ಥದಲ್ಲಿ ಎತ್ತಿದರು.

"ಖಲಾಸ್" ಎಂದನಂತೆ ಕಫೀಲ್. ವಾರದೊಳಗೆ ವೀಸಾ ರದ್ದಾಯಿತು. ನಾನೂ ಮಗಳೂ ಇದ್ದದ್ದು ಅದೇ ವೀಸಾದ ಮೇಲೆ. ನನ್ನ ಕೆಲಸ ಹೋಯಿತು, ಅವಳ ಹತ್ತನೇ ಕ್ಲಾಸು ಅರ್ಧಕ್ಕೆ ನಿಂತಿತು. ಅಷ್ಟು ಹೇಳಿದರೂ ಕೇಳಲಿಲ್ಲವಲ್ಲ ಎಂದು ನಾನು ಗಂಡನ ಜೊತೆ ಮಾತು ಬಿಟ್ಟೆ.

ಸಾಮಾನು ಕಟ್ಟಲು ಬಂದವನು ಆ ಪೇಂಟರ್ ಒಬ್ಬನೇ. ನನ್ನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

"ಆವತ್ತು ನಿಮ್ಮವ್ರೆಲ್ಲ ಎಲ್ಲಿ ಸತ್ತಿದ್ರು?"

ಅವನು ರಟ್ಟಿನ ಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. "ಅವ್ರನ್ನು ಬಿಡಿ ಅಕ್ಕ. ನಾನೇ ಎತ್ಲಿಲ್ಲ."

ನಾನು ನಮ್ಮವರ ಮುಖ ನೋಡಿದೆ. ಅವರು ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದು ಕೂತಿದ್ದರು.

"ಕಂಡಿದೆ ಮಾರಾಯ," ಎಂದರು, "ಅದು ಕಂಡೇ ನಾನು ಎತ್ತಿದ್ದು. ನಿನಗೆ ಒಂದಾದ್ರೂ ಬೇಡ್ವಾ? ಹಗ್ಗ ಗಟ್ಟಿ ಎಳಿ."