ಹಿಗ್ಗಿದ ಬೋಲ್ಟು

ಕೋವಿಡ್ ತಗ್ಗಿ ಬಾಡಿಗೆ ಗಾಡಿಗಳು ಮತ್ತೆ ಓಡತೊಡಗಿದ ವರ್ಷ. ನ್ಯಾಮತಿಯಲ್ಲಿ ತಂದೆ ಬಿಟ್ಟುಹೋದ ಗ್ಯಾರೇಜನ್ನು ನಾನೊಬ್ಬಳೇ ನಡೆಸುತ್ತಿದ್ದೆ. ಗಾಳಿಯ ಒತ್ತಡದಿಂದ ನಟ್ ಬಿಗಿಯುವ ಗನ್ ನನ್ನಲ್ಲಿರಲಿಲ್ಲ. ಸ್ಪ್ಯಾನರ್, ಜಾಕ್, ಸುತ್ತಿಗೆ, ಇಷ್ಟೇ. ಟ್ಯಾಕ್ಸಿ ಸ್ಟ್ಯಾಂಡಿನ ಗಾಡಿಗಳೇ ನನಗೆ ಅನ್ನ.

ಆ ಸ್ಟ್ಯಾಂಡಿನಲ್ಲಿ ಮಂಜಣ್ಣನ ಮಾತೇ ಮಾತು. ಒಂದು ಬೆಳಿಗ್ಗೆ ಅವನು ತನ್ನ ಮ್ಯಾಕ್ಸಿಕ್ಯಾಬ್ ತಂದು ನಿಲ್ಲಿಸಿದ. ಒಳಗೆ ಚನ್ನಗಿರಿ ಕಡೆಯ ತಾಂಡಾದ ಹನ್ನೊಂದು ಜನ, ತಮ್ಮ ಪುಣ್ಯಕ್ಷೇತ್ರ ಸೂರಗೊಂಡನಕೊಪ್ಪಕ್ಕೆ ಹೊರಟಿದ್ದರು.

"ಹಿಂದಿನ ಎಡಗಾಲಿ ಅದುರ್ತೈತೆ ರೇಣಕ್ಕ. ನಟ್ ಟೈಟ್ ಮಾಡ್ರಿ, ಐದು ನಿಮಿಷದ ಕೆಲಸ" ಎಂದ.

ಎಲ್ಲರನ್ನೂ ಇಳಿಸಿ ಸ್ಪ್ಯಾನರ್ ಹಾಕಿದೆ. ಗಾಲಿಗೆ ಆರು ನಟ್. ಒಳ್ಳೆಯ ಬೋಲ್ಟಿನ ಮೇಲೆ ನಟ್ ಕೂತಾಗ ಸ್ಪ್ಯಾನರ್ ಥಟ್ಟನೆ ನಿಲ್ಲುತ್ತದೆ. ಅದು ಮುಂಗೈಗೆ ತಿಳಿಯುತ್ತದೆ. ಮೂರು ಹಾಗೆ ನಿಂತವು. ನಾಲ್ಕನೆಯದು ನಿಲ್ಲಲಿಲ್ಲ, ಮೆತ್ತಗೆ ತಿರುಗುತ್ತಲೇ ಹೋಯಿತು.

"ಟೈರ್ ಎಲ್ಲಿ ಬದಲಾಯಿಸಿದ್ರಿ?"

"ಹೈವೇ ಮೇಲೆ. ಗನ್ ಹಾಕಿ ಒಂದೇ ಏಟಿಗೆ ಬಿಗಿದ್ರು."

ಗಾಲಿ ಕಳಚಿದೆ. ಡಬ್ಬಿಯಿಂದ ಹೊಸ ನಟ್ ತೆಗೆದು ಆ ಬೋಲ್ಟಿಗೆ ಬೆರಳಲ್ಲೇ ತಿರುಗಿಸಿದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಬಿಗಿತ ಅತಿಯಾದರೆ ಉಕ್ಕೂ ಹಿಗ್ಗುತ್ತದೆ, ಅದರ ಮೈಮೇಲಿನ ತಿರುಪಿನ ಸುತ್ತುಗಳು ಜಾಗ ತಪ್ಪುತ್ತವೆ. ಐದನೆಯ ಬೋಲ್ಟಿನಲ್ಲೂ ಅದೇ ಕಥೆ. ಆರನೆಯದು ಸರಿಯಿತ್ತು.

"ಎಲ್ಲವೂ ಅದೇ ಗನ್ನಿನ ಏಟು ತಿಂದಾವೆ, ಆರೂ ಬೋಲ್ಟ್ ಬದಲಾಯಿಸ್ಬೇಕು. ಹೊನ್ನಾಳಿಯಿಂದ ತರಿಸ್ತೀನಿ, ಮಧ್ಯಾಹ್ನ ಆಗ್ತೈತೆ" ಎಂದೆ.

"ನಾಲ್ಕು ಗಟ್ಟಿ ಅದಾವಲ್ಲ, ಕೊಪ್ಪ ಇಲ್ಲೇ ಐತೆ. ಗಾಲಿ ಹಾಕ್ರಿ."

"ನಾನು ಹಾಕಲ್ಲ."

ಅವನ ಮುಖ ಕೆಂಪಾಯಿತು. "ನಾನೇ ಹಾಕ್ಕೊಂತೀನಿ ಬಿಡ್ರಿ. ಗಾಲಿ ಹಾಕಾಕೆ ಹೆಂಗಸಿನ ಅಪ್ಪಣೆ ಬೇಕಾ? ನಾಳೆಯಿಂದ ಸ್ಟ್ಯಾಂಡಿನ ಒಂದು ಗಾಡೀನೂ ಇಲ್ಲಿಗೆ ಬರಲ್ಲ, ನೋಡ್ತಿರ್ರಿ."

ಆದರೂ ಸ್ಪ್ಯಾನರನ್ನು ಅವನ ಕೈಗೇ ಕೊಟ್ಟೆ. "ಗಾಡಿ ನಿಮ್ಮದು, ಹಾಕ್ಕೊಳ್ರಿ. ಹತ್ತೋರಿಗೆ ಮಾತ್ರ ನಾನು ಸುಮ್ನಿರಲ್ಲ, ಹೇಳೇ ಹೇಳ್ತೀನಿ."

ಪ್ರಯಾಣಿಕರಲ್ಲಿ ಹಿರಿಯರಾದ ಸೀತಿಬಾಯಿ ಬೆಂಚಿನ ಮೇಲೆ ಕೂತಿದ್ದರು. ಗಾಲಿ ಯಾಕೆ ಕಳಚಬಹುದು ಎಂಬುದನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ನಿನ್ನ ಮಕ್ಕಳನ್ನ ಹತ್ತಿಸ್ತಿದ್ಯಾ?"

"ಇಲ್ಲಜ್ಜಿ."

"ಹಂಗಾದ್ರೆ ನಾನೂ ಹತ್ತಲ್ಲ. ನಡೆದೇ ಹೋದೇನು."

ಮಂಜಣ್ಣ ಗಾಲಿ ಕೂರಿಸಿ, ಸ್ಪ್ಯಾನರಿನ ಮೇಲೆ ಕಾಲಿಟ್ಟು ಮೈಭಾರವೆಲ್ಲ ಹಾಕಿದ. ಐದನೆಯ ನಟ್ಟಿಗೆ ಬಂದಾಗ 'ಟಕ್' ಎಂದಿತು. ಬೋಲ್ಟು ಮುರಿದು ನಟ್ ಸಮೇತ ರಸ್ತೆಗೆ ಉರುಳಿತು. ಕಾಲು ಜಾರಿ ಅವನು ನೆಲಕ್ಕೆ ಕೂತ. ಯಾರೂ ನಗಲಿಲ್ಲ. ಎದ್ದು ಸ್ಪ್ಯಾನರನ್ನು ನನ್ನ ಪೆಟ್ಟಿಗೆಯ ಮೇಲಿಟ್ಟು ದೂರ ಹೋಗಿ ನಿಂತ.

ಹೊನ್ನಾಳಿಯ ಅಂಗಡಿಯವರು ಬೋಲ್ಟುಗಳನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದರು. ಬ್ರೇಕ್ ಡ್ರಮ್ ಬಿಚ್ಚಿ, ಹಳೆಯವನ್ನು ಸುತ್ತಿಗೆಯಿಂದ ಹೊಡೆದು ಹೊರಹಾಕಿ, ಹೊಸವನ್ನು ಕೂರಿಸಿದೆ. ಗಾಲಿ ಹಾಕಿ, ಒಂದು ನಟ್ ಆದ ಮೇಲೆ ಅದರ ಎದುರಿನದು ಎಂಬಂತೆ ಬಿಗಿದೆ. ಗಾಡಿ ಇಳಿಸಿ ಇನ್ನೊಮ್ಮೆ ಬಿಗಿದೆ. ಆರೂ ಥಟ್ಟನೆ ನಿಂತವು. ಸೀತಿಬಾಯಿ ಮೊದಲು ಹತ್ತಿದರು.

ಮಂಜಣ್ಣ ಆಡಿದ ಮಾತು ಉಳಿಸಿಕೊಂಡ. ಎಷ್ಟೋ ತಿಂಗಳು ಸ್ಟ್ಯಾಂಡಿನ ಒಂದು ಗಾಡಿಯೂ ನನ್ನ ಕಡೆ ತಿರುಗಲಿಲ್ಲ. ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿ ಮಾಡಿ ದಿನ ತಳ್ಳಿದೆ. ರಾಜಿಗೆ ಮಾತ್ರ ಹೋಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದರು. ಮಂಜಣ್ಣ ಇವತ್ತಿಗೂ ಬಂದಿಲ್ಲ. ಬರದಿದ್ದರೂ ಸರಿಯೇ.

ನಟ್ ಬಿಗಿಯುವುದನ್ನು ಯಾರಿಗಾದರೂ ಒಂದು ವಾರದಲ್ಲಿ ಕಲಿಸಿಬಿಡಬಹುದು. ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು "ಆಗಲ್ಲ" ಎನ್ನುವುದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಕಲಿತ ಮೇಲೆ ಮರೆಯುವ ಮಾತಿಲ್ಲ.