ಕ್ಯಾಂಟೀನಿನಿಂದ ಬಂದ ಹನ್ನೊಂದು ಅಂಕ

ವಿಶ್ವವಿದ್ಯಾಲಯದ ಅಂಕಿಅಂಶ ವಿಭಾಗದ ಗುಮಾಸ್ತರಿಗೆ ‘ಕಳೆಯೋ ಸಾಹೇಬ್ರು’ ಎಂಬ ಅಡ್ಡಹೆಸರಿತ್ತು. ವಿದ್ಯಾರ್ಥಿ ಒಳಗೆ ಬಂದಾಗಿನ ಅಂಕ ನೋಡಿ, ಅಂಥವರು ಹೊರಹೋಗುವಾಗ ಸಾಮಾನ್ಯವಾಗಿ ಎಷ್ಟು ಪಡೆಯುತ್ತಾರೆಂದು ಅಂದಾಜಿಸಿ, ನಿಜವಾಗಿ ಪಡೆದದ್ದರಿಂದ ಅದನ್ನು ಕಳೆಯುವುದು ಅವರ ಕೆಲಸ. ಉಳಿದದ್ದೇ ವಿಶ್ವವಿದ್ಯಾಲಯದ ಕೊಡುಗೆ. “ಮದುವೆಗೆ ಮುಂಚೆ ನೀವು ಎಷ್ಟಿದ್ರಿ, ಈಗ ಎಷ್ಟಿದ್ದೀರಿ, ಕಳೆದು ನೋಡಿ. ನನ್ನ ಕೊಡುಗೆ ಗೊತ್ತಾಗುತ್ತೆ” ಎಂದು ಹೆಂಡತಿ ಅವರ ಹೊಟ್ಟೆಯ ಕಡೆ ಕೈ ತೋರಿಸುತ್ತಿದ್ದರು.

ಆ ವರ್ಷ ಕುಲಸಚಿವರು ಕರೆಸಿದರು. “ಈ ಸಲವೂ ಸೊನ್ನೆ ಬಂದ್ರೆ ನಿಮ್ಮ ವಿಭಾಗ ಮುಚ್ತೀವಿ. ನೀವು ನೆಲಮಾಳಿಗೆಗೆ ಹೋಗಿ ಹಳೇ ಉತ್ತರಪತ್ರಿಕೆ ಕಾಯಿರಿ.”

ಹದಿನಾಲ್ಕು ವರ್ಷ ಕಿಟಕಿಯ ಪಕ್ಕ ಕುಳಿತ ಜೀವ ಅದು; ಗುಮಾಸ್ತರು ಹಗಲಿರುಳು ಕೂತು ಕಳೆದರು. ಎಲ್ಲ ಕಡೆ ಸೊನ್ನೆ. ತರ್ಕಶಾಸ್ತ್ರದಲ್ಲಿ ಮಾತ್ರ ಹನ್ನೊಂದು. ಅಲ್ಲಿನ ಪ್ರಾಧ್ಯಾಪಕರೋ ಇಡೀ ವರ್ಷ ರಜೆಯಲ್ಲಿದ್ದರು.

ವಿಚಾರಿಸಿದಾಗ ತಿಳಿಯಿತು: ಪಾಠವಿಲ್ಲದ ಆ ವಿದ್ಯಾರ್ಥಿಗಳು ಕ್ಯಾಂಟೀನಿನಲ್ಲೇ ಕುಳಿತು ಓದಿದ್ದರು. ಕ್ಯಾಂಟೀನಿನವನಿಗೆ ಒಂದು ಚಟ. ಅವರು ಏನು ಚರ್ಚಿಸುತ್ತಿದ್ದಾರೆಂದು ಕೇಳಿ, ಅವರು ಬಿಡಿಸಿ ಹೇಳಿ ತನಗೆ ಅರ್ಥವಾಗುವ ತನಕ ಟೀ ಲೋಟ ಕೆಳಗಿಡುತ್ತಿರಲಿಲ್ಲ.

“ಆದ್ರೆ ಕ್ಯಾಂಟೀನು ಗುತ್ತಿಗೇದು. ಅದು ನಮ್ಮ ಕೊಡುಗೆ ಹೇಗಾಗುತ್ತೆ?” ಎಂದರು ಕುಲಸಚಿವರು.

“ಶಂಖದಿಂದ ಬಂದ್ರೆ ತಾನೇ ತೀರ್ಥ, ಸಾರ್? ಅವನ ಕೊರಳಿಗೂ ಒಂದು ಗುರುತಿನ ಚೀಟಿ ಹಾಕಿಬಿಡಿ.”

ಹಾಗೆ ಆತ ‘ಕಲಿಕಾ ಸಹಾಯಕ’ನಾದ. ಹನ್ನೊಂದು ಅಂಕ ವರದಿಯಲ್ಲಿ ದಪ್ಪಕ್ಷರದಲ್ಲಿ ಬಂತು. ಕುರ್ಚಿ ಉಳಿಯಿತು.

ಮರುವರ್ಷ ತರ್ಕಶಾಸ್ತ್ರವೂ ಸೊನ್ನೆ. ಗುಮಾಸ್ತರು ಮೂರು ಸಲ ಕಳೆದು, ಎದ್ದುಬಿದ್ದು ಕ್ಯಾಂಟೀನಿಗೆ ಓಡಿದರು. ಅಲ್ಲಿ ಕೇಳಿದ ತಕ್ಷಣ ಟೀ ಬರುತ್ತಿತ್ತು.

“ಏನಪ್ಪಾ, ಹುಡುಗರನ್ನ ಏನೂ ಕೇಳ್ತಾನೇ ಇಲ್ವಲ್ಲ?”

ಆತ ಕೊರಳಿನ ಚೀಟಿಯನ್ನು ನೇರ ಮಾಡಿಕೊಂಡ. “ಇದನ್ನ ಹಾಕ್ಕೊಂಡು ಅರ್ಥವಾಗ್ಲಿಲ್ಲ ಅಂತ ಹೇಳೋದಾ, ಸಾಹೇಬ್ರೇ? ಪ್ರಾಧ್ಯಾಪಕರು ಯಾರಾದ್ರೂ ಹಾಗಂತಾರಾ?”

ವಿಭಾಗ ಮುಚ್ಚಿತು, ಚೀಟಿಯೂ ವಾಪಸಾಯಿತು. ನೆಲಮಾಳಿಗೆಯ ಮೊದಲ ದಿನ ಕ್ಯಾಂಟೀನಿನವನೇ ಟೀ ಹಿಡಿದು ಬಂದ. ಚಾವಣಿ ಮುಟ್ಟುವ ಕಟ್ಟುಗಳನ್ನು ನೋಡಿ ನಿಂತ.

“ಬರೆದವರೆಲ್ಲ ಪಾಸಾಗಿ ಹೋದ್ಮೇಲೆ ಇದನ್ನೆಲ್ಲ ಯಾಕೆ ಕಾಯೋದು, ಸಾಹೇಬ್ರೇ?”

ಗುಮಾಸ್ತರು ವಿವರಿಸಲು ಬಾಯಿ ತೆರೆದರು. ಲೋಟ ಇನ್ನೂ ಅವನ ಕೈಯಲ್ಲೇ ಇತ್ತು. ಅಂದಿನಿಂದ ಅವರು ಬಿಸಿ ಟೀ ಕುಡಿದದ್ದಿಲ್ಲ.