ಅಕ್ಕನಿಗೆ ಕಿಡ್ನಿ ಕೊಡಲು ನಾನು ಕುಡಿದ ಪುಡಿಗಳು

ಆಫೀಸಿನಲ್ಲಿ ಹೊಸದಾಗಿ ಜಿಮ್ಮಿಗೆ ಸೇರಿದವರು ಒಂದಲ್ಲ ಒಂದು ದಿನ ನನ್ನ ಟೇಬಲ್ಲಿನ ಹತ್ತಿರ ಬಂದು ನಿಲ್ಲುತ್ತಾರೆ. ನಾನು ಒಂದು ಕಾಲಕ್ಕೆ ಒಳ್ಳೆಯ ತೋಳು ಬೆಳೆಸಿದ್ದೆನೆಂದು ಯಾರೋ ಹೇಳಿರುತ್ತಾರೆ. ಜಿಮ್ಮಿನಲ್ಲಿ ಕೊಡುವ ಪುಡಿಗಳನ್ನು ತೆಗೆದುಕೊಂಡರೆ ಉಪಯೋಗವಿದೆಯೇ, ಒಂದರ ಜೊತೆ ಒಂದು ಬೆರೆಸಬಹುದೇ ಎಂದು ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ನಾನು ಫೈಲಿನಿಂದ ತಲೆ ಎತ್ತದೆ ಗೊತ್ತಿಲ್ಲಪ್ಪಾ ಎನ್ನುತ್ತೇನೆ. ಗೊತ್ತಿಲ್ಲದೆ ಏನು, ಚೆನ್ನಾಗಿಯೇ ಗೊತ್ತಿದೆ. ಆದರೆ ಅದನ್ನು ಹೇಳಬೇಕಾದರೆ ಅಕ್ಕನ ವಿಷಯ ಹೇಳಬೇಕಾಗುತ್ತದೆ. ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ಹೇಳುವಂಥದ್ದಲ್ಲ ಅದು.

ನಾವು ಮೂಲತಃ ವಿಜಯಪುರದ ಕಡೆಯವರು. ಅಪ್ಪ ನೌಕರಿ ಮೇಲೆ ಸಿಕಂದರಾಬಾದಿಗೆ ಬಂದವರು ಇಲ್ಲಿಯೇ ಉಳಿದು, ತಾರ್ನಾಕದಲ್ಲಿ ಸಣ್ಣದೊಂದು ಮನೆ ಕಟ್ಟಿ ತೀರಿಕೊಂಡರು. ಕೆಳಗೆ ಅಕ್ಕ, ಮೇಲೆ ನಾನು ಮತ್ತು ನನ್ನ ಹೆಂಡತಿ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗಂಡ ಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಐವತ್ತೆರಡನೆಯ ವಯಸ್ಸಿಗೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಹೋಗುವಾಗ ನನ್ನ ಗಾಡಿಯ ಹಿಂದೆ ಮಾತಾಡುತ್ತ ಕೂಡುತ್ತಿದ್ದವಳು, ಬರುವಾಗ ನನ್ನ ಬೆನ್ನಿಗೆ ತಲೆಯಾನಿಸಿಕೊಂಡು ಸುಮ್ಮನಿರುತ್ತಿದ್ದಳು.

ಕಿಡ್ನಿ ನಾನು ಕೊಡುತ್ತೇನೆಂದೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇರಲಿಲ್ಲ; ಕೊಡಲು ಬೇರೆ ಯಾರೂ ಇರಲಿಲ್ಲ. ಅಕ್ಕ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಒಂದು ದಿನ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತಿ, "ಖರೇನ ಕೊಡ್ತೀಯೇನೋ ತಮ್ಮಾ?" ಎಂದು ಕೇಳಿದಳು. ಆ ದನಿಯಲ್ಲಿದ್ದ ಆಸೆ ಇವತ್ತಿಗೂ ನನ್ನನ್ನು ಕೊಲ್ಲುತ್ತದೆ.

ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ನನ್ನ ಹೊಟ್ಟೆ ನೋಡಿ, ಹತ್ತು ಕಿಲೋ ಇಳಿಸಿಕೊಂಡು ಬನ್ನಿ, ಬಿ.ಪಿ.ಯೂ ಅಂಚಿನಲ್ಲಿದೆ, ಮೂರು ತಿಂಗಳು ಟೈಮ್ ಕೊಡುತ್ತೇನೆ ಎಂದರು. ತೂಕ ಇಳಿಸುವುದು ಎಂದರೆ ಬೆಳಿಗ್ಗೆ ಯುನಿವರ್ಸಿಟಿ ಕ್ಯಾಂಪಸ್ಸಿನ ಮರಗಳ ಕೆಳಗೆ ನಡೆದರೆ ಸಾಕಿತ್ತು, ರಾತ್ರಿ ಒಂದು ರೊಟ್ಟಿ ಕಡಿಮೆ ತಿಂದರೆ ಸಾಕಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಹೊಕ್ಕಿತ್ತು. ಅಕ್ಕನಿಗೆ ಕೊಡುವುದು ಗಟ್ಟಿ ಮಾಲಾಗಿರಬೇಕು, ಸೊರಗಿದ ಮೈಯಿಂದ ತೆಗೆದು ಕೊಡಬಾರದು. ಹೋಗಿ ಜಿಮ್ಮಿಗೆ ಸೇರಿದೆ.

ನಮ್ಮ ಓಣಿಯ ಕೊನೆಯಲ್ಲೇ ಜಿಮ್ಮು. ಅಲ್ಲಿಯ ಮಾಸ್ತರ ಹಳೇ ಹೈದರಾಬಾದಿನವನು, ಒಳ್ಳೆಯ ಮನುಷ್ಯ. ನಾನು ಯಾಕೆ ಬಂದೆನೆಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನೇ ತಡೆಯುತ್ತಿದ್ದನೇನೋ. ಹೊಟ್ಟೆ ಹೋಗಬೇಕು, ಶಕ್ತಿ ಹೋಗಬಾರದು ಎಂದೆ. "ಫಿಕರ್ ನಕ್ಕೊ ಸಾಬ್," ಚಿಂತೆಯೇ ಬೇಡ ಎಂದು ಮೂರು ಡಬ್ಬಿ ಕೈಗಿಟ್ಟ. ಒಂದು ವ್ಯಾಯಾಮಕ್ಕೆ ಮುಂಚೆ ಕುಡಿಯುವುದು, ಕಲ್ಲಂಗಡಿ ಹಣ್ಣಿನ ವಾಸನೆಯದು. ಅದನ್ನು ಕುಡಿದರೆ ಮುಖದ ಮೇಲೆ ಇರುವೆ ಹರಿದಾಡಿದ ಹಾಗಾಗಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಕ್ರಿಯಾಟಿನ್, ತೋಳಿಗೆ ಬಲ ಕೊಡುತ್ತದಂತೆ; ಸುಣ್ಣದ ಪುಡಿಯ ಹಾಗೆ ಬೆಳ್ಳಗೆ, ರುಚಿಯಿಲ್ಲ. ಮೂರನೆಯದು ಪ್ರೋಟೀನ್, ಹಾಲು ಒಡೆದಾಗ ಉಳಿಯುವ ನೀರನ್ನು ಒಣಗಿಸಿ ಮಾಡುತ್ತಾರಂತೆ. ನಮ್ಮವ್ವ ಆ ನೀರಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದಳು. ಅದನ್ನೇ ಚಾಕ್ಲೇಟ್ ಬಣ್ಣ ಹಾಕಿ ಡಬ್ಬಿಗೆ ತುಂಬಿದ್ದಕ್ಕೆ ನಾನು ಕೈಮುಗಿದು ಕುಡಿದೆ.

ಯಾವುದು ಮುಂಚೆ, ಯಾವುದು ಆಮೇಲೆ ಎಂದು ಅವನು ಬರೆದುಕೊಟ್ಟಿದ್ದ. ಅಷ್ಟು ಪುರಸೊತ್ತು ಯಾರಿಗಿದೆ ಎಂದು ನಾನು ಮೂರನ್ನೂ ಸೇರಿಸಿ ಮಜ್ಜಿಗೆಯಲ್ಲಿ ಕಲಸಿ ಒಂದೇ ಗುಟುಕಿಗೆ ಎತ್ತುತ್ತಿದ್ದೆ. ಹೆಂಡತಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಮಜ್ಜಿಗ್ಯಾಗ ಕಲ್ಲಂಗಡಿ ಯಾರರ ಹಾಕ್ತಾರೇನ್ರಿ? ಎಮ್ಮಿ ಸೈತ ಮೂಸಿ ನೋಡಂಗಿಲ್ಲ ಇದನ್ನ," ಎನ್ನುತ್ತಿದ್ದಳು. ಅಂದರೂ ಆ ಡಬ್ಬಿಗಳನ್ನು ಒರೆಸಿ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳ ಸಾಲಿನಲ್ಲೇ ಇಟ್ಟಳು. ನಮ್ಮ ಮನೆಯಲ್ಲಿ ಪುಡಿಗಳಿಗೆ ಅದೇ ಜಾಗ. ಔಷಧದ ಜಾಗ ಬೇರೆ. ದೇವರ ಕಟ್ಟೆಯ ಪಕ್ಕದ ಗೂಡು. ಅಲ್ಲಿ ಅಕ್ಕನ ಮಾತ್ರೆಗಳ ಚೀಟಿ, ನನ್ನ ಹೆಂಡತಿಯ ಥೈರಾಯ್ಡ್ ಗುಳಿಗೆ ಇರುತ್ತಿದ್ದವು. ಇಷ್ಟು ಸಣ್ಣ ವಿಷಯವನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಹಾಳಾದದ್ದು ಇಲ್ಲಿಯೇ.

ಎರಡು ತಿಂಗಳಿಗೆ ಹೊಟ್ಟೆ ಕರಗಿತು. ತೋಳು ಬಂತು. ನಲವತ್ತಾರರ ಗುಮಾಸ್ತನಿಗೆ ತೋಳು! ಸ್ನಾನದ ಮನೆಯ ಕನ್ನಡಿಯ ಮುಂದೆ ಕೈ ಮಡಚಿ ನೋಡಿಕೊಳ್ಳುತ್ತಿದ್ದೆ. ಅರ್ಧ ತೋಳಿನ ಅಂಗಿ ಹೊಲಿಸಿದೆ. ಅಕ್ಕನಿಗಾಗಿ ಶುರು ಮಾಡಿದ್ದು ಯಾವಾಗ ನನಗಾಗಿಯೇ ಆಯಿತೋ ತಿಳಿಯಲಿಲ್ಲ. ಅಕ್ಕ ನೋಡಿ ನಗುತ್ತಿದ್ದಳು. "ಏನೋ ಪೈಲ್ವಾನಾ, ಕಿಡ್ನಿ ಕೊಡಾವನೋ, ಕುಸ್ತಿ ಹಿಡ್ಯಾವನೋ?" ಎನ್ನುತ್ತಿದ್ದಳು. ಅವಳು ಅಷ್ಟು ನಗುತ್ತಿದ್ದ ದಿನಗಳು ಅವೇ ಕೊನೆ.

ಮೂರು ತಿಂಗಳಾದ ಮೇಲೆ ಪರೀಕ್ಷೆಗೆ ಹೋದೆ. ಡಾಕ್ಟರಮ್ಮ ತೂಕ ನೋಡಿ ಖುಷಿಪಟ್ಟು, ಮಾತ್ರೆ, ಔಷಧ ಏನಾದರೂ ತಗೊಳ್ತಿದ್ದೀರಾ ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಏನೂ ಇಲ್ಲ ಮೇಡಂ, ಒಂದು ತಲೆನೋವಿನ ಗುಳಿಗೆ ಕೂಡ ಇಲ್ಲ ಎಂದೆ. ಸುಳ್ಳು ಹೇಳಿದೆನೆಂದು ಆಗ ನನಗೆ ಅನಿಸಲೇ ಇಲ್ಲ. ಚಟ್ನಿಪುಡಿ ತಿನ್ನುತ್ತೀರಾ ಎಂದು ಕೇಳಿದ್ದರೆ ಆ ಡಬ್ಬಿಗಳ ನೆನಪಾಗುತ್ತಿತ್ತೇನೋ.

ರಿಪೋರ್ಟು ಬಂತು. ರಕ್ತದಲ್ಲಿ ಕ್ರಿಯಾಟಿನಿನ್ ಜಾಸ್ತಿ, ಮೂತ್ರದಲ್ಲಿ ಪ್ರೋಟೀನು, ಬಿ.ಪಿ. ಮೊದಲಿಗಿಂತ ಮೇಲೆ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಲೆಕ್ಕ. ಅಕ್ಕನ ದೆಸೆಯಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಅದು ಬಾಯಿಪಾಠ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು ಡಾಕ್ಟರಮ್ಮ. ಆ ಹದಿನೈದು ದಿನ ನಾನು ಮಾಡಿದ ಮಣ್ಣು ತಿನ್ನುವ ಕೆಲಸ ಕೇಳಿ. ಕಿಡ್ನಿ ಸೊರಗಿದೆ, ಬಲ ಬರಬೇಕು ಎಂದುಕೊಂಡು ಎಲ್ಲ ಪುಡಿಯನ್ನೂ ಎರಡೆರಡು ಚಮಚ ಮಾಡಿದೆ. ಪರೀಕ್ಷೆಯ ದಿನ ಬೆಳಗಾಗುತ್ತಲೇ ಒಂದು ತಾಸು ಬೆವರಿಳಿಸಿ, ಅಲ್ಲಿಂದ ನೆಟ್ಟಗೆ ಹೋಗಿ ರಕ್ತ ಕೊಟ್ಟೆ. ಅಕ್ಕ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿಟ್ಟು ಕೂತಿದ್ದಳು.

ಎರಡನೆಯ ರಿಪೋರ್ಟು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು, ನಿಮ್ಮಿಂದ ಕಿಡ್ನಿ ತೆಗೆಯಲು ಆಗುವುದಿಲ್ಲ, ಮೊದಲು ನಿಮ್ಮದನ್ನು ಯಾರಿಗಾದರೂ ತೋರಿಸಿ ಎಂದರು. ಮನೆಗೆ ಬಂದು ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. "ಅಪ್ಪನ ಮೈಯಾಗ ಇದ್ದದ್ದು ನಮ್ಮಿಬ್ಬರಿಗೂ ಬಂದೈತಿ. ನೀ ಅಂಜಬ್ಯಾಡ. ನಾ ಅದೀನಿ," ಎಂದಳು. ಸಾಯುವ ದಾರಿಯಲ್ಲಿದ್ದವಳು ನನಗೆ ಧೈರ್ಯ ಹೇಳಿದಳು.

ಹೆದರಿ ಜಿಮ್ಮು ಬಿಟ್ಟೆ. ಪುಡಿಯೂ ಬಿಟ್ಟುಹೋಯಿತು, ಯಾವ ತಿಳಿವಳಿಕೆಯಿಂದಲೂ ಅಲ್ಲ, ಜಿಮ್ಮಿಲ್ಲದ ಮೇಲೆ ಅದೇಕೆ ಎಂದು. ಡಾಕ್ಟರ ಹತ್ತಿರ ಹೋಗಲಿಕ್ಕೂ ಧೈರ್ಯವಾಗದೆ ಇವತ್ತು ನಾಳೆ ಎಂದು ನಾಲ್ಕು ತಿಂಗಳು ದೂಡಿದೆ. ಆ ನಾಲ್ಕು ತಿಂಗಳು ಅಕ್ಕ ನನ್ನ ಡಾಕ್ಟರಾದಳು. ಉಪ್ಪಿಲ್ಲದ ಪಲ್ಯ ಹೇಗೆ ನುಂಗಬೇಕು, ನೀರು ಎಷ್ಟು ಅಳೆದು ಕುಡಿಯಬೇಕು, ಎಲ್ಲ ಕಲಿಸಿದಳು. ರಜೆ ಇದ್ದ ದಿನ ಮಧ್ಯಾಹ್ನ ಇಬ್ಬರೂ ಕೆಳಗಿನ ಪಡಸಾಲೆಯಲ್ಲಿ ಕೂತು ಸಪ್ಪೆ ಊಟ ಮಾಡುತ್ತ, ಊರಿನ ಖಾರಬ್ಯಾಳಿ ನೆನೆಸಿಕೊಂಡು ನಗುತ್ತಿದ್ದೆವು. ನನ್ನ ಹೆಂಡತಿ ಬೇಡವೆಂದರೂ ಕೇಳದೆ ಅಕ್ಕ ನನಗೆ ಗುಣವಾಗಲೆಂದು ಸೋಮವಾರ ಸೋಮವಾರ ಒಪ್ಪತ್ತು ಹಿಡಿದಳು. ಡಯಾಲಿಸಿಸ್ ಮೈಯಲ್ಲಿ ಒಪ್ಪತ್ತು! ಬೈದೆ. "ನನಗಂತೂ ಆಗಿ ಹೋತು. ನಿನಗರ ಆಗಬಾರದು," ಎಂದಳು.

ಕೊನೆಗೆ ಹೆಂಡತಿಯೇ ಜಬರದಸ್ತಿಯಿಂದ ಸಿಕಂದರಾಬಾದಿನ ಒಬ್ಬ ಹಿರಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಬೀದರಿನ ಕಡೆಯವರು, ಕನ್ನಡ ಮಾತಾಡುತ್ತಿದ್ದರು. ಹೊಸ ರಿಪೋರ್ಟು ನೋಡಿದರು, ಹಳೆಯ ಎರಡು ನೋಡಿದರು, ಆಮೇಲೆ ನನ್ನ ಭುಜ ನೋಡಿದರು. "ಆವಾಗ ಜಿಮ್ಮಿಗೆ ಹೋಗ್ತಿದ್ರೇನ್ರಿ? ಪುಡಿಗಿಡಿ ತಗೊಂಡಿದ್ರಿ?"

ಹೌದೆಂದೆ. ಮೂರೂ ಹೇಳಿದೆ. ಮಜ್ಜಿಗೆಯನ್ನೂ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ಕಿಡ್ನಿಗೆ ಏನೂ ಆಗಿಲ್ರಿ. ಈಗ ಎಲ್ಲಾ ಬರೋಬ್ಬರಿ ಐತಿ. ಆವಾಗನೂ ಬರೋಬ್ಬರಿನ ಇತ್ತು. ನೀವು ತಿಂದ ಕ್ರಿಯಾಟಿನ್ ಮೈಯಾಗ ಕ್ರಿಯಾಟಿನಿನ್ ಆಗಿ ರಕ್ತದಾಗ ತೋರಿಸೇತಿ. ಮುಂಜಾನಿ ಕಸರತ್ತು ಮಾಡಿದ್ದು ಮೂತ್ರದಾಗ ತೋರಿಸೇತಿ. ಬಿ.ಪಿ. ಆ ಕಲ್ಲಂಗಡಿದು. ಆ ಪುಡಿ ವಿಷ ಅಂತ ನಾ ಅನ್ನಂಗಿಲ್ಲ. ಆರೋಗ್ಯ ಇದ್ದ ಮಂದಿ ಲೆಕ್ಕದಾಗ ತಗೊಂಡ್ರ ಏನಾಗೂದಿಲ್ಲ, ಸ್ವಲ್ಪ ಉಪಯೋಗನೂ ಐತಿ. ಆದ್ರ ಕೇಳಿದಾಗ ಹೇಳಬೇಕಿತ್ತಲ್ರಿ."

ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತು ನಾನು ನಕ್ಕೆನಂತೆ. ಹೆಂಡತಿ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ. ಅಲ್ಲಿಂದ ಹಾಗೆಯೇ ಮೊದಲ ಆಸ್ಪತ್ರೆಗೆ ಓಡಿದೆ, ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಕಕ್ಕಿದೆ. ಅವರು ಬೈಯಲೂ ಇಲ್ಲ. ಸರಿ, ನಿಮ್ಮ ಅಕ್ಕನನ್ನು ಕರೆದುಕೊಂಡು ಬನ್ನಿ, ಆಪರೇಷನ್ನಿಗೆ ತಯಾರಿದ್ದಾರಾ ನೋಡಬೇಕು ಎಂದರು.

ಅಕ್ಕನಿಗೆ ನನ್ನ ರಿಪೋರ್ಟು ಸುಧಾರಿಸಿದೆ ಎಂದಷ್ಟೇ ಹೇಳಿದೆ. ಅವಳು ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡು ಗಳಗಳ ಅತ್ತಳು. ತನಗೆ ಕಿಡ್ನಿ ಸಿಗುತ್ತದೆಂದಲ್ಲ, ಆ ಮಾತು ಆಗ ಅವಳ ತಲೆಯಲ್ಲೇ ಇರಲಿಲ್ಲ. "ಸೋಮವಾರ ಫಲಾ ಕೊಟ್ಟಾವು ನೋಡು," ಎಂದಳು.

ಅವಳ ಪರೀಕ್ಷೆ ಮೂರು ದಿನ ನಡೆಯಿತು. ಆ ತಿಂಗಳುಗಳಲ್ಲಿ ಹೃದಯ ಸೋತುಹೋಗಿತ್ತು. ಅರಿವಳಿಕೆ ತಡೆಯುವ ಮೈ ಅಲ್ಲ ಇದು, ಇನ್ನು ಆಪರೇಷನ್ ಮಾತು ಬೇಡ ಎಂದರು. ಐದು ತಿಂಗಳ ಹಿಂದೆ ಆಗಿದ್ದರೆ ಎಂದು ನಾನು ಕೇಳಿದೆ. ಡಾಕ್ಟರಮ್ಮ ಕಂಪ್ಯೂಟರ್ ಕಡೆ ತಿರುಗಿದರು. ಆಗ ಅವಳ ಹೃದಯ ಸರಿಯಿತ್ತೆಂದು ಅದೇ ಫೈಲಿನಲ್ಲಿ ಬರೆದಿತ್ತು, ನಾನೇ ಓದಿದ್ದೆ.

ಅಕ್ಕ ಅದನ್ನೂ ನುಂಗಿಕೊಂಡಳು. "ಹೋಗ್ಲಿ ಬಿಡು, ನಿಂಗರ ಗುಣ ಆತಲ್ಲ," ಎಂದು ದಿನಕ್ಕೊಂದು ಸಲ ಹೇಳುತ್ತಿದ್ದಳು. ನನ್ನ ತಟ್ಟೆಗೆ ಉಪ್ಪಿನಕಾಯಿ ತಾನೇ ಬಡಿಸಿ, ನಾನು ತಿನ್ನುವುದನ್ನು ನೋಡುತ್ತ ಕೂಡುತ್ತಿದ್ದಳು. ಅಕ್ಕನಿಗೆ ನಿಜ ಹೇಳಿಬಿಡುತ್ತೇನೆ ಎಂದೆ ಹೆಂಡತಿಗೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೇಳಿ ನೀವು ಹಗುರ ಆಗ್ತೀರಿ. ಅಕ್ಕಾರು ಏನ್ ಮಾಡಬೇಕ್ರಿ ಅದನ್ನ ಕೇಳಿ? ಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ."

ಅವಳ ಮಾತು ಕೇಳಬೇಕಿತ್ತು. ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಅಷ್ಟೇ ಕಾರಣ; ಅದಕ್ಕೆ ಪ್ರಾಮಾಣಿಕತೆ ಎಂದು ದೊಡ್ಡ ಹೆಸರೇನೂ ಬೇಡ. ಒಂದು ಭಾನುವಾರ ಮಧ್ಯಾಹ್ನ ಕೆಳಗೆ ಹೋಗಿ ಎಲ್ಲ ಹೇಳಿದೆ. ಪುಡಿ, ಡಾಕ್ಟರಮ್ಮ ಕೇಳಿದ್ದು, ನಾನು ಇಲ್ಲವೆಂದದ್ದು, ಎರಡೆರಡು ಚಮಚ, ಕನ್ನಡಿಯ ಮುಂದೆ ಕೈ ಮಡಚಿದ್ದು ಕೂಡ. ನನಗೆ ಯಾವ ರೋಗವೂ ಬಂದೇ ಇರಲಿಲ್ಲ ಅಕ್ಕಾ ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೂ ಚೆನ್ನಾಗಿತ್ತು. ಅವಳು ಗಣಿತದ ಟೀಚರು. ಯಾವ ತಿಂಗಳು ಪರೀಕ್ಷೆ, ಯಾವ ತಿಂಗಳು ಹೃದಯ ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು.

"ಹಂಗಂದ್ರ ನಾ ಉಳೀತಿದ್ನಿ," ಎಂದಳು.

ಲೆಕ್ಕ ಮುಗಿಸಿ ನನ್ನ ಕಡೆ ತಿರುಗಿದಳು.

"ನಿಂಗ ಗುಣ ಆತಲ್ಲ ಅಂತ ಅದೊಂದು ಸಮಾಧಾನ ಇತ್ತು ನಂಗ. ಹೋಗೂ ಮುಂದ ಒಂದು ಒಳ್ಳೇದು ಮಾಡಿ ಹೊಂಟೀನಿ ಅಂತಿದ್ನಿ. ಅದನ್ನೂ ಕಸಗೊಂಡ್ಯಲ್ಲೋ."

ಅಷ್ಟು ಹೇಳಿ ಗೋಡೆಯ ಕಡೆಗೆ ಹೊರಳಿ ಮಲಗಿದಳು. ನಾನು ಅಲ್ಲಿಯೇ ಸಂಜೆಯವರೆಗೆ ಕೂತಿದ್ದೆ. ಅವಳು ನಿದ್ದೆ ಮಾಡಿರಲಿಲ್ಲ, ಉಸಿರಿನಿಂದ ತಿಳಿಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಗಾಡಿ ಹೊರಗೆ ತೆಗೆದು ಹಾರ್ನ್ ಮಾಡಿದೆ. ಹೆಂಡತಿ ಗೇಟಿನ ಹತ್ತಿರ ಬಂದು, ಅಕ್ಕ ಆಟೋ ಕರೆಸಿಕೊಂಡು ಆಗಲೇ ಒಬ್ಬಳೇ ಹೋದಳೆಂದು ಹೇಳಿದಳು.